ಷರಾ ಬರೆಯಲು ಜಾಗವಿಲ್ಲ

ಇಲಾಖೆ ಕೊಟ್ಟ ಹಾಳೆಯಲ್ಲಿ ಮೂರೇ ಮನೆ:
ಹಕ್ಕಿಯ ಹೆಸರು, ಸಂಖ್ಯೆ, ಹೊತ್ತು.
ಡ್ಯಾನ್ಯೂಬ್ ಕಡಲಿಗೆ ಬೀಳುವ ಮುನ್ನ
ದಾರಿ ಮರೆತವಳಂತೆ ಕವಲು ಕವಲಾಗುವಲ್ಲಿ,
ಆಪು ಜೊಂಡಿನ ಸಂದಿಯಲ್ಲಿ,
ಡಾಂಬರು ಬಳಿದ ಕರಿದೋಣಿಯಲ್ಲಿ ಕೂತು
ಬೆಳಗಿನ ಐದೂಕಾಲಿಗೆ ಎಣಿಸಲು ಶುರುಮಾಡಿದೆ.

ಹುಟ್ಟು ಹಾಕುವವನು ಜಿನೊವೆಯ್.
ಎದೆಯ ತನಕ ಗಡ್ಡ,
ಗಡ್ಡದಲ್ಲಿ ನಿನ್ನೆಯ ಮೀನಿನ ಹುರುಪೆ.
ಮಾತು ಕಡಿಮೆ. ಹಕ್ಕಿಗಳ ವಿಷಯಕ್ಕೆ ಮಾತ್ರ
ಹಳೆಯ ಶಾನುಭೋಗನ ಹಾಗೆ
ಯಾರ ತಕರಾರು ಯಾವ ವರ್ಷದ್ದೆಂದು ಗೊತ್ತು.

ಮೊದಲು ನಾಮದ ಕೋಳಿಗಳು.
ಹಣೆಗೆ ಬಿಳಿ ನಾಮ, ಮೈಗೆಲ್ಲ ಮಸಿ,
ದೂರದಿಂದ ನೋಡಿದರೆ ಜಪಕ್ಕೆ ಕೂತವರು.
ನೀರಿಗೆ ಬೇಲಿಯಿಲ್ಲ, ಬಾಂದುಕಲ್ಲಿಲ್ಲ, ಸರ್ವೆ ನಂಬರಿಲ್ಲ;
ಆದರೂ ಅಗೋ ಆ ನೈದಿಲೆಯ ಎಲೆಯಿಂದ
ಈ ಮುರಿದ ಜೊಂಡಿನ ತನಕ ತನ್ನದೇ ಎಂದು
ಒಂದು ತಲೆ ತಗ್ಗಿಸಿ ನುಗ್ಗಿತು.
ಇನ್ನೊಂದು ನೀರ ಮೇಲೆ ಅಂಗಾತ ಬಿದ್ದು
ಎರಡೂ ಕಾಲೆತ್ತಿ ಎದೆಗೇ ಒದೆಯಿತು.
ಹೆಂಡಿರು ಓಡಿ ಬಂದರು. ಬಿಡಿಸಲು ಅಂದುಕೊಂಡೆ.
ಇಲ್ಲ, ಅವರೂ ಒದೆಯಲು ಬಂದವರು.
ನೀರು ಸಿಡಿದು ನನ್ನ ಹಾಳೆ ತೊಪ್ಪೆ.
ಅಷ್ಟರಲ್ಲಿ ಮೂರನೆಯವನೊಬ್ಬ, ಬಡಕಲು,
ಸದ್ದಿಲ್ಲದೆ ತೇಲಿ ಬಂದು
ವ್ಯಾಜ್ಯದ ನೀರಿನ ಪಾಚಿಯೆಲ್ಲ ಮೇದು ಹೋದ.
ಇಬ್ಬರ ಹಣೆಗೂ ಇನ್ನೊಂದೊಂದು ನಾಮ.

ಒಣಗಿದ ವಿಲೋ ಮರ ನೀರುಕಾಗೆಗಳ ವಠಾರ.
ಮೂಗು ಮುಚ್ಚಿಕೊಂಡೇ ಎಣಿಸಬೇಕು.
ಕವೆಯಂಥ ಒಂದು ಕಡ್ಡಿಯ ಮೇಲೆ ಕಣ್ಣಿಟ್ಟೆ:
ಆರು ಗಂಟೆಗೆ ಅದು ಕೆಳಗಿನ ಗೂಡಿನದು.
ಒಡತಿ ಕತ್ತು ತಿರುಗಿಸಿದ್ದೇ ಎಡಮನೆಯವನು ಎಳೆದ,
ಹೆಂಡತಿಗೆ ಕೊಟ್ಟು
ರೆಕ್ಕೆ ಹರವಿ ಬೀಗುವಷ್ಟರಲ್ಲಿ
ಮೇಲಿನವನು ಹಿಂದಿನಿಂದ ಕಿತ್ತ.
ಮೇಲಿನವನು ಇನ್ನೊಂದನ್ನು ಕದಿಯಲು ಹೋದಾಗ
ಅವನದ್ದನ್ನು ಯಾರೋ.
ಒಂಬತ್ತಕ್ಕೆ ಕಡ್ಡಿ ಮರಳಿ ಕೆಳಗಿನ ಗೂಡಿನಲ್ಲಿ.
ಒಡತಿ ಅದನ್ನು ಆಚೆ ತಿರುಗಿಸಿ, ಈಚೆ ತಿರುಗಿಸಿ,
ಎಲ್ಲೋ ಕಂಡ ಹಾಗಿದೆಯಲ್ಲ ಎಂಬಂತೆ
ಮೊದಲಿದ್ದಲ್ಲೇ ಸಿಕ್ಕಿಸಿದಳು.

"ಮದುವೆ ಉಡುಗೊರೆಯೂ ಹೀಗೇ," ಎಂದ ಜಿನೊವೆಯ್.
"ನಮ್ಮ ಎವ್ಲಾಂಪಿಯಾ ಯಾರಿಗೋ ದಾಟಿಸಿದ ಕೆಟಲ್
ಹದಿನೇಳು ವರ್ಷ ಊರೆಲ್ಲ ಸುತ್ತಿ
ಮಗಳ ಮದುವೆಗೆ ನಮ್ಮ ಮನೆಗೇ ಬಂತು.
ಮುಚ್ಚಳವಿರಲಿಲ್ಲ."

ಆಮೇಲೆ ಹೆಜ್ಜಾರ್ಲೆಗಳು, ದೊಡ್ಡ ಮನುಷ್ಯರು.
ಸಾಲು ಕಟ್ಟಿ, ಒಟ್ಟಿಗೇ ತಲೆ ಮುಳುಗಿಸಿ,
ಒಟ್ಟಿಗೇ ಎತ್ತುವ ಶಿಸ್ತು.
ಅದರಲ್ಲೊಂದು ಎಳೆಯದಕ್ಕೆ
ಮೀನಿನ ಬದಲು ರಬ್ಬರ್ ಚಪ್ಪಲಿ ಸಿಕ್ಕಿತು.
ನುಂಗಲಾರದು, ಬಿಡಲೊಲ್ಲದು,
ಕೊಕ್ಕಿನ ಚೀಲದಲ್ಲಿ ಹಿಮ್ಮಡಿಯ ಆಕಾರ.
ಅದು ಅಷ್ಟು ಜೋಪಾನ ಮಾಡುತ್ತಿರುವುದನ್ನು ಕಂಡು
ಏನೋ ರುಚಿಯಾದದ್ದೇ ಇರಬೇಕೆಂದು
ನಾಲ್ಕು ಹಿರಿಯರು ಶಿಸ್ತು ಮುರಿದು ಮೇಲೆ ಬಿದ್ದರು.
ಕೊನೆಗೆ ಚಪ್ಪಲಿ ತೇಲುತ್ತ ನಮ್ಮ ದೋಣಿಗೆ ತಾಗಿತು.
ಜಿನೊವೆಯ್ ಎತ್ತಿ ನೋಡಿದ:
"ಎಡಗಾಲಿನದು. ನನ್ನದೇ."
ಒದರಿ ಹಾಕಿಕೊಂಡ.

ಹಿಂತಿರುಗುವಾಗ ಗುಳುಮುಳುಕ ಹಕ್ಕಿಯೊಂದು
ಬೆನ್ನ ಗರಿಯೊಳಗೆ ಮೂರು ಪಟ್ಟೆಪಟ್ಟೆ ಮರಿ ಹೊತ್ತು
ನಮ್ಮ ಪಕ್ಕದಲ್ಲೇ ಹಾದುಹೋಯಿತು.
ಅಲ್ಲೂ ಒಂದು ಮರಿ ಇನ್ನೊಂದನ್ನು ನೂಕುತ್ತಿತ್ತು.
ತಾಯಿ ತಿರುಗಿ ನೋಡಲಿಲ್ಲ.
ಹುಟ್ಟನ್ನು ನೀರಿಗೆ ತಾಗಿಸದೆ
ಅದು ಜೊಂಡು ಸೇರುವ ತನಕ ಕಾದೆವು.

ಸಂಜೆ ಕಚೇರಿಯ ಒಲೆಯ ಬಳಿ ಹಾಳೆ ಒಣಗಿಸಿದೆ.
ನೀರುಕಾಗೆ ೩೮೬. ಹೆಜ್ಜಾರ್ಲೆ ೫೨.
ನಾಮದ ಕೋಳಿ ೨೧೪, ಇಲ್ಲವೇ ೨೧೫.
ಕೊನೆಯ ಸುತ್ತಿನಲ್ಲಿ ಆ ಇಬ್ಬರೂ
ನೊರೆಯೊಳಗೆ ಒಂದೇ ಕರಿಮುದ್ದೆಯಾಗಿ
ಯಾವ ಕಾಲು ಯಾರದೋ ತಿಳಿಯಲಿಲ್ಲ.
"ಒಂದೋ, ಎರಡೋ?" ಕೇಳಿದ ಸಾಹೇಬ ದೊರಿನೆಲ್,
ಕನ್ನಡಕ ಹಣೆಗೇರಿಸಿ.
ಜಾಗವಿಲ್ಲದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ
ಬರೆದುಕೊಟ್ಟೆ:
ಬಿಡಿಸಲಾಗಲಿಲ್ಲ.