ಬೆಚ್ಚಗಾಗದ ಮೇಣ

ಸಿಗ್ನಲ್ಲಿನಲ್ಲಿ ನಿಂತರೂ ನಿಲ್ಲುವುದಿಲ್ಲ, ಎಂದರು ಉತ್ಸುನೊಮಿಯಾ.
ಹಡಗುಕಟ್ಟೆಯ ಕ್ರೇನಿನಿಂದ ಇಳಿದ ವರ್ಷ ಕೊಂಡ
ಹಳೆಯ ಕೆಂಪು ರೋಡ್‌ಸ್ಟರ್. ಎರಡೇ ಸೀಟು,
ಟೋಪಿಯಂತೆ ಕಳಚುವ ಮಾಡು.
ಕಾಲು ತೆಗೆದರೂ ಎರಡು ಸಾವಿರದಲ್ಲೇ ಮುಳ್ಳು.
ಪಕ್ಕದ ಸೈಕಲ್ಲಿನ ಹುಡುಗರು, ಅಜ್ಜ ರೇಸಿಗೆ ಕರೆಯುತ್ತಿದ್ದಾನೆಂದು
ನಗುತ್ತಾರಂತೆ.

ಒನೊಮಿಚಿಯ ಏರುದಾರಿಯ ನಡುವೆ ನನ್ನ ಶೆಡ್ಡು.
ಬಾನೆಟ್ಟು ಎತ್ತಿದೆ.
ಮೊದಲು ಕೇಬಲ್ಲು: ಬೆರಳಲ್ಲಿ ಮೀಟಿದೆ,
ಸಡಿಲವಿತ್ತು, ಬೇಕಾದಷ್ಟೇ.
ಆಮೇಲೆ ಕಳ್ಳಗಾಳಿ. ಇನ್‌ಟೇಕಿನ ಸುತ್ತ ಕ್ಲೀನರು ಚಿಮುಕಿಸುತ್ತ
ಕಿವಿಯಿಟ್ಟು ಕಾದೆ, ಸದ್ದು ತಡವರಿಸೀತೆಂದು.
ತಡವರಿಸಲಿಲ್ಲ.
ಬ್ರೇಕಿನ ಬೂಸ್ಟರಿಗೆ ಹೋಗುವ ಕೊಳವೆ ಹಿಸುಕಿದೆ,
ಒಂದೊಂದೇ ರಬ್ಬರು ಪೈಪಿನ ಬಾಯಿ ಮುಚ್ಚಿದೆ, ಬಿಟ್ಟೆ,
ನುಡಿಸಲು ಬಾರದವಳು ಕೊಳಲು ಹಿಡಿದ ಹಾಗೆ.

ಯಾರೋ ಹಿಂದಿನವನು ಸ್ಕ್ರೂ ತಿರುಗಿಸಿದ್ದ;
ಕಾರ್ಖಾನೆಯ ಬಿಳಿ ಗುರುತು ಒಡೆದಿತ್ತು.
ಈ ಪೈಕಿಯವರು ನನಗೆ ಗೊತ್ತು: ಜ್ವರ ಇಳಿಯದಿದ್ದರೆ
ಥರ್ಮಾಮೀಟರನ್ನೇ ತಿದ್ದುವವರು.

ಮೂರನೆಯ ದಿನ, ಬಿಸಿಯೇರಿದ ಎಂಜಿನ್ನಿನ ಮೇಲೆ
ಕೈಯಾಡಿಸುವಾಗ ಒಂದು ಪೈಪು ಮಾತ್ರ
ಹೊಳೆಗಲ್ಲಿನಷ್ಟು ತಣ್ಣಗೆ.
ಕಿರುಬೆರಳ ದಪ್ಪ. ಥ್ರಾಟಲ್ಲಿನ ಹೊಟ್ಟೆಗೆ
ಬಿಸಿನೀರು ಒಯ್ಯಬೇಕಾದ್ದು.
ಅಲ್ಲೊಂದು ಕವಾಟ, ಅದರೊಳಗೆ ಗುಳಿಗೆಯಷ್ಟು ಮೇಣ.
ನೀರಿನ ಬಿಸಿಗೆ ಮೇಣ ಉಬ್ಬಬೇಕು, ಗಾಳಿಯ ದಾರಿ ಮುಚ್ಚಬೇಕು,
ಎಂಜಿನ್ನು ಸಾವಕಾಶ ಉಸಿರಾಡಬೇಕು.
ಇಲ್ಲಿ ನೀರೇ ಬಂದಿಲ್ಲ.
ರೇಡಿಯೇಟರು ಕಾದಿದೆ, ಫ್ಯಾನು ತಿರುಗುತ್ತಿದೆ,
ಮೇಣಕ್ಕೆ ಇನ್ನೂ ಫೆಬ್ರವರಿಯ ಬೆಳಗು.
ಎಷ್ಟು ವರ್ಷದಿಂದಲೋ. ಯಾರೂ ತಿಳಿಸದೆ.

ಪೈಪು ಕಿತ್ತು ತಂತಿ ಹಾಕಿದೆ. ತುಕ್ಕು ಬೆರೆತ ಅಂಬಲಿ ಬಂತು,
ಕೊನೆಗೊಂದು ಹಳದಿ ಚೂರು, ಸೀಲಂಟೋ ಏನೋ.
ಮೂತಿ ಎತ್ತಿ ಜ್ಯಾಕಿಟ್ಟೆ, ಗುಳ್ಳೆಗಳು ಹೊರಡಲೆಂದು;
ಸ್ಕ್ರೂವನ್ನು ಬಿಳಿ ಗುರುತಿಗೆ ತಂದು ಕಾದೆ.
ಸಾವಿರದೆಂಟುನೂರು. ಸಾವಿರದಿನ್ನೂರು.
ಎಂಟುನೂರೈವತ್ತು.
ಎದುರು ದಡದ ಫೆರ್ರಿ ಗುಡುಗುಡು ಅನ್ನುವುದು ಕೇಳಿಸಿತು.

ಒಂದು ಪೈಪಿಗೆ ಮೂರು ದಿನವೇ, ಎಂದು ಬಿಲ್ಲು ನೋಡಿ ಗೊಣಗಿ
ದ್ವೀಪದ ನಿಂಬೆಹಣ್ಣು ಒಂದು ಚೀಲ ಬೆಂಚಿನ ಮೇಲಿಟ್ಟು ಹೊರಟರು.
ಕೆಳಗೆ ರೈಲ್ವೆ ಗೇಟು ಬಿದ್ದಿತ್ತು. ಕೆಂಪು ಕಾರು ನಿಂತಿತು.
ಸದ್ದಿಲ್ಲ. ಆರಿಹೋಯಿತೆಂದುಕೊಂಡಿರಬೇಕು ಪುಣ್ಯಾತ್ಮ,
ಕೀಲಿ ತಿರುಗಿಸಿದರು.
ಓಡುತ್ತಲೇ ಇದ್ದ ಎಂಜಿನ್ನಿಗೆ ಸ್ಟಾರ್ಟರಿನ ಹಲ್ಲು ತಾಗಿ
ಕರಕರ ಎಂದದ್ದು
ಇಲ್ಲಿಯವರೆಗೆ ಕೇಳಿ, ನನ್ನ ಹಲ್ಲು ಜುಮ್ಮೆಂದಿತು.