ಹದಿನೆಂಟು ಕಿಲೋಮೀಟರ್ ಬಟ್ಟೆ

ಪಾಲಿಬೆಟ್ಟದ ಕಾಫಿ ಗೋದಾಮಿನ ಶಾಲೆ
ಜೂನಿನಿಂದ ವಿರಾಜಪೇಟೆಗೆ ಹೋಗುತ್ತದಂತೆ.
ಗೋದಾಮು ಹೋಂಸ್ಟೇ ಆಗಲಿದೆ. ಮಾಲೀಕರು
ಕೈಮುಗಿದು ಹೇಳಿದರು, ಬೈಯುವ ಹಾಗೂ ಇಲ್ಲ.

ಅಆಇಈಗೆ ಮುಂಚೆ, ಎಬಿಸಿಡಿಗೆ ಮುಂಚೆ
ಬರೀ ಕೊಡವ ತಕ್ಕಿನಲ್ಲಿ
ಆಡಿಸುವ, ಎಣಿಸುವ, ಗದರುವ ಶಾಲೆ.
ಇಪ್ಪತ್ತಮೂರು ಮಕ್ಕಳು, ಇಬ್ಬರು ಟೀಚರು,
ಗೋಡೆಗೆ ಇನ್ನೂ ಒಣಗಿದ ಚೆರ್ರಿಯ ಹುಳಿ ವಾಸನೆ.

ಶನಿವಾರ ಸಭೆ. ಸಣ್ಣ ಬೆಂಚುಗಳ ಮೇಲೆ
ದೊಡ್ಡ ಮೊಣಕಾಲುಗಳು.
ಬೊಳ್ಳಮ್ಮ ಟೀಚರ್ ಬೋರ್ಡಿನಲ್ಲಿ ಬರೆದರು:
ಈಗ ಎರಡು ಕಿಲೋಮೀಟರ್. ಮುಂದೆ ಹದಿನೆಂಟು.
ಎಂಟರ ಸುತ್ತಿನಲ್ಲಿ ಸೀಮೆಸುಣ್ಣ ಮುರಿಯಿತು.

ಭಾಷೆ ಉಳಿಯಬೇಕು ಎಂದು ಮಂದಣ್ಣ
ಹತ್ತು ನಿಮಿಷ ಮಾತಾಡಿದರು, ಇಂಗ್ಲಿಷಿನಲ್ಲಿ.
ಅವರ ಮನೆಯಲ್ಲಿ ಎರಡು ಕಾರು.
ಓಮ್ನಿಯ ಮೊಯ್ದು ಬಾಗಿಲಲ್ಲಿ ನಿಂತೇ ಲೆಕ್ಕ ಹೇಳಿದ:
ಏಳಕ್ಕೆ ಹೊರಡಬೇಕು, ಮಂಜಿದ್ದರೆ ಆರೂಮುಕ್ಕಾಲು,
ತಿಂಗಳಿಗೆ ಎರಡು ಸಾವಿರದ ಇನ್ನೂರು, ಮಳೆಗಾಲಕ್ಕೂ ಅಷ್ಟೇ.
'ಆನೆ ನಿಂತರೆ ಮಾತ್ರ ನನ್ನ ಬೈಬೇಡಿ.
ಅದು ಹೋದ ಮೇಲೆ ನಾವು.'

ಕೊನೆಯ ಬೆಂಚಿನಿಂದ ಚೋಮಿ ಎದ್ದಳು,
ಲೈನ್ ಮನೆಯ, ಯರವ ಮಾತಿನ ಚೋಮಿ.
'ನಂಗೆ ತಕ್ಕ್ ಬರಲ್ಲ, ಕನ್ನಡನೂ ಅರ್ಧ.
ತೋಟದಿಂದ ಕೂಗಿದ್ರೆ ನನ್ನ ಹುಡುಗಿಗೆ ಕೇಳ್ತಿತ್ತು,
ಅದಕ್ಕೇ ಇಲ್ಲಿ ಬಿಟ್ಟಿದ್ದು.
ವಿರಾಜಪೇಟೆಗೆ ಹೆಂಗೆ ಕೂಗೋದು?'
ಅಂದವಳು ಕೂತು, ಸೆರಗಿನ ಗಂಟು ಬಿಚ್ಚಿ
ಮತ್ತೆ ಕಟ್ಟಿದಳು. ಟೀಚರು ಏನೋ ಬರೆದುಕೊಂಡರು.

ನಾನು ಚಿಂತಾಮಣಿಯವಳು.
ಅಮ್ಮತ್ತಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ.
ಮನೆಯಲ್ಲಿ ಎಲ್ಲರೂ ಕನ್ನಡ ಆಡುವುದು ನನ್ನಿಂದಾಗಿ.
ರಾತ್ರಿ ಕುಟ್ಟಪ್ಪನನ್ನು ಕೇಳಿದರೆ,
ಫೋನಿನಲ್ಲಿ ಮೆಣಸಿನ ರೇಟು ನೋಡುತ್ತ,
'ನೀನೇ ಹೇಳು' ಅಂದ.
ನಿನ್ನ ಅಜ್ಜಿಯ ಭಾಷೆಗೆ ನಾನು ಯಾಕೆ ಹೇಳಬೇಕು?
ಕೇಳಲಿಲ್ಲ. ನನ್ನ ಮಗಳ ನಿದ್ದೆಗಾದರೆ
ನಾನೇ ಹೇಳಬೇಕಲ್ಲ.

ಭಾನುವಾರ ಏಳಕ್ಕೆ ಸರಿಯಾಗಿ
ಮೂವರೂ ಹೊರಟೆವು, ದಾರಿಯನ್ನು ತೂಗಿ ನೋಡಲು.
ಪೊನ್ನವ್ವ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ.
ಮುರಿದು ಬಿದ್ದ ಬೇಲಿ. ಅದರಾಚೆ
ಹಬೆಯಾಡುವ ಲದ್ದಿ, ಈಗಷ್ಟೇ ಹಾಕಿದ್ದು.
ಇಂಜಿನ್ ಆರಿಸಿ ಹನ್ನೊಂದು ನಿಮಿಷ ಕಾದೆವು.
ಏನೂ ಬರಲಿಲ್ಲ. ಆ ಹನ್ನೊಂದನ್ನು
ಸೇರಿಸಬೇಕೋ ಕಳೆಯಬೇಕೋ ತಿಳಿಯಲಿಲ್ಲ.

ಅಮ್ಮತ್ತಿ ದಾಟಿದ ಮೇಲೆ ಎಚ್ಚರಾಗಿ ಅಂದಳು:
'ಅವ್ವ, ಬಟ್ಟೆ ದೂರ.'
ತಿರುಗಿ ಅವಳ ಅಂಗಿ ನೋಡಿದೆ,
ಚಡ್ಡಿ ಮುಟ್ಟಿ ನೋಡಿದೆ, ಒದ್ದೆಯಾಯಿತೇನೋ ಎಂದು.
ಕುಟ್ಟಪ್ಪ ಸ್ಟೀರಿಂಗ್ ಮೇಲೆ ಬಿದ್ದು ನಕ್ಕ:
'ಬಟ್ಟೆ ಅಂದ್ರೆ ದಾರಿ ಮಾರಾಯ್ತಿ.'

ಬಟ್ಟೆ ಅಂದರೆ ದಾರಿ.
ಪಿಯುಸಿಯಲ್ಲಿ ಕಲಿತಿದ್ದೆ, ಹಳಗನ್ನಡದ ಪಾಠದ ಕೆಳಗೆ
ಸಣ್ಣಕ್ಷರದ ಪದಕೋಶದಲ್ಲಿ. ಒಂದು ಅಂಕಕ್ಕೆ ಬರೆದು
ಪರೀಕ್ಷೆ ಮುಗಿದ ಸಂಜೆ ಮರೆತದ್ದು.
ಸತ್ತಿದೆ ಎಂದುಕೊಂಡಿದ್ದ ಪದ
ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು
ನೀರು ಕೇಳುತ್ತಿದೆ.

ಮುಂದಿನ ತಿರುವಿನಲ್ಲಿ ವಾಂತಿ ಮಾಡಿಕೊಂಡಳು.
ಒರೆಸಲು ಬಟ್ಟೆ ಹುಡುಕಿದೆ, ನನ್ನ ಕಡೆಯ ಬಟ್ಟೆ.
ಐವತ್ತೆಂಟು ನಿಮಿಷ, ವಾಂತಿಯೂ ಸೇರಿ.

ಫಾರಂ ನಾಳೆ ಕೊಡಬೇಕು. ಫ್ರಿಜ್ಜಿನ ಮೇಲಿದೆ.
ಸಂಜೆ ಮೊಯ್ದುವಿಗೆ ಫೋನ್ ಮಾಡಿ
ಚೋಮಿಯ ಲೈನ್ ಮನೆವರೆಗೆ ಓಮ್ನಿ ಇಳಿಯುತ್ತಾ ಕೇಳಿದೆ.
ಆ ಕಡೆ ಸ್ವಲ್ಪ ಹೊತ್ತು ಇಂಜಿನ್ ಸದ್ದು.
'ಇಳಿಯುತ್ತೆ ಮೇಡಂ.
ಮಳೆ ಹಿಡಿದ್ರೆ ಹತ್ತೋದು ಕಷ್ಟ.'