ಎಂಟನೆಯ ಸೀಸೆ

ಕಣ್ಣಿಗೆ ಸಿಗದಷ್ಟು ಸಣ್ಣದಾದ ಬೆಳ್ಳಿ
ಬೆಳ್ಳಗಿರುವುದಿಲ್ಲ;
ಅರಿಶಿನದ ಕೈ ತೊಳೆದ ನೀರಿನ ಬಣ್ಣ ಅದಕ್ಕೆ.
ಅದರೊಳಗೊಂದು ಹನಿ, ಹನಿಯ ಮೇಲೆ ಕೆಂಪು ಲೇಸರ್.

ಹೋದ ಬೆಳಕು ಹೋದ ಬಣ್ಣದಲ್ಲೇ ಮರಳುತ್ತದೆ.
ಕೋಟಿಗೊಂದು ಮಾತ್ರ
ತುಸು ಬಣ್ಣಗೆಟ್ಟು ಬರುತ್ತದೆ,
ಯಾರ ಮನೆ ಹೊಕ್ಕು ಬಂದೆನೆಂದು
ಮೈಗಂಟಿಸಿಕೊಂಡು.
ಆ ಪಿಸುಮಾತನ್ನು ಬೆಳ್ಳಿ
ಓಣಿಗೆಲ್ಲ ಕೇಳುವಂತೆ ಕೂಗುತ್ತದೆ.

ಬಳ್ಳಾರಿಯ ಜೀನ್ಸ್ ತೊಳೆಯುವ ಶೆಡ್ಡುಗಳ ಹಿಂದಿನ ಮೋರಿ,
ಕೌಲ್ ಬಜಾರಿನ ಒಂದು ಬೋರು, ನಲ್ಲಿ, ತೊಟ್ಟಿ:
ಏಳು ಸೀಸೆ.
ಎಂಟನೆಯದು ಬರೀ ಶುದ್ಧ ನೀರು,
ಏನೂ ಇಲ್ಲ ಎಂಬುದಕ್ಕೆ ಸಾಕ್ಷಿ.

ಎಂಟನೆಯದರಲ್ಲೂ ಗೆರೆ ಎದ್ದಿತು.
ಅದೇ ನೀಲಿಯ ಗೆರೆ, ಅದೇ ಜಾಗದಲ್ಲಿ.
ಮತ್ತೆ ಮಾಡಿದೆ. ಮತ್ತೆ.
ಯಂತ್ರಕ್ಕೆ ಬೈದೆ.

ಸೀಸೆ ತೊಳೆಯುವ ಮಾಬುನ್ನಿ ಬಾಗಿಲಲ್ಲೇ ನಿಂತಿದ್ದಳು.
"ಶೆಡ್ಡು ಬಿಟ್ಟು ಮೂರೊರ್ಷ ಆತ್ರೀ ಮೇಡಂ,"
ಯಾರೂ ಕೇಳದಿದ್ದರೂ ಹೇಳಿದಳು,
ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡು,
"ಮುಂಜಾನೆ ಮಗನ ಪ್ಯಾಂಟು ಹಿಂಡಿ ಬಂದೀನಿ, ಅಷ್ಟ."

ಸೋಪು ತಗೊಂಡು ಮತ್ತೊಮ್ಮೆ ತೊಳೆಯಲು ಹೋದಳು.
ತಡೆಯಬೇಕಿತ್ತು.
ಲಾಗ್ ಪುಸ್ತಕದಲ್ಲಿ "ಕಾರಣ" ಎಂಬ ಅಂಕಣಕ್ಕೆ
ಅವಳ ಹೆಸರಿನ ಮೊದಲಕ್ಷರ ಬರೆದಾಗಿತ್ತು ನಾನು,

ಆಗ ಕಂಡಿತು:
ಮೇಜಿನ ಕೆಳಗೆ ನನ್ನ ಮೊಣಕಾಲು,
ಅದರ ಮೇಲೆ ಬೆಳಗಿನಿಂದ
ಒರೆಸುತ್ತ ಬಂದ ನನ್ನ ಬೆರಳು,
ಹೊಸ ಜೀನ್ಸು.